ಇದ್ದಿಲಿನೊಳಗೆ ಉಳಿದ ಸ್ಟೋಯಿಕರು

1752ರ ಅಕ್ಟೋಬರ್. ಇಟಲಿಯ ನೇಪಲ್ಸ್ ಬಳಿ, ಹರ್ಕ್ಯುಲೇನಿಯಂ ಪಟ್ಟಣದ ಒಂದು ಬಂಗಲೆ ನೆಲದಾಳದಲ್ಲಿ ಹೂತಿತ್ತು. ಪ್ರತಿಮೆಗಳಿಗಾಗಿ ಅಲ್ಲಿ ಸುರಂಗ ಕೊರೆಯುತ್ತಿದ್ದವರಿಗೆ ಕರಿ ತುಂಡುಗಳು ಸಿಕ್ಕವು. ಸುಟ್ಟ ಕಟ್ಟಿಗೆಯೆಂದೇ ಬಗೆದರು. ಅಕ್ಷರ ಕಂಡ ಮೇಲೆ ಗೊತ್ತಾಯಿತು: ಅವು ಪಪೈರಸ್ ಸುರುಳಿಗಳು, ಅಂದಿನ ಪುಸ್ತಕಗಳು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಬೆಂದು ಇದ್ದಿಲಾಗಿದ್ದವು; ಇದ್ದಿಲಾದ್ದರಿಂದಲೇ ಕೊಳೆಯದೆ ಉಳಿದಿದ್ದವು.

ಓದುವುದು ಹೇಗೆ? ಚಾಕು ಹಾಕಿದರೆ ಪುಡಿಪುಡಿ. ಮರುವರ್ಷ ವ್ಯಾಟಿಕನ್ ಗ್ರಂಥಾಲಯದ ಪಾದ್ರಿ ಆಂಟೋನಿಯೊ ಪಿಯಾಜಿಯೊ ಬಂದರು. ಸುರುಳಿಯ ಬೆನ್ನಿಗೆ ಪ್ರಾಣಿಯ ಕರುಳಿನ ತೆಳು ಪೊರೆ ಅಂಟಿಸಿ, ರೇಷ್ಮೆ ದಾರ ಕಟ್ಟಿ, ಕೂದಲೆಳೆಯಷ್ಟೇ ಬಿಚ್ಚುತ್ತ ಹೋಗುವ ಯಂತ್ರ ಮಾಡಿದರು. ಮೊದಲ ಸುರುಳಿಗೆ ವರ್ಷಗಳೇ ಹಿಡಿದವು. ಅದು ಸಂಗೀತದ ಕುರಿತು ಫಿಲೊಡೆಮಸ್ ಬರೆದ ಪುಸ್ತಕ.

ಫಿಲೊಡೆಮಸ್ ಎಪಿಕ್ಯೂರಸ್ ಪಂಥದವನು. ಸಿಕ್ಕ ಪುಸ್ತಕಗಳಲ್ಲಿ ಬಹುಪಾಲು ಆ ಪಂಥದವೇ. ಸುಖವೇ ಬಾಳಿನ ಗುರಿ ಎಂದವರು ಅವರು. ಸದ್ಗುಣವೊಂದೇ ಸಾಕು, ಸಿರಿಯೂ ಕೀರ್ತಿಯೂ ಒಳ್ಳೆಯ ಬಾಳಿನ ಅಳತೆಯಲ್ಲ ಎಂದ ಸ್ಟೋಯಿಕರು ಅವರ ಎದುರಾಳಿಗಳು. ಆದರೂ ಅದೇ ರಾಶಿಯಲ್ಲಿ ಸ್ಟೋಯಿಕರೂ ಸಿಕ್ಕರು. ಅಥೆನ್ಸಿನ ಚಿತ್ರಮಂಟಪದಲ್ಲಿ ಪಾಠ ಹೇಳಿದ ಜೀನೋನಿಂದ ಪನೇಷಿಯಸ್‌ನವರೆಗಿನ ಗುರುಪರಂಪರೆಯ ಇತಿಹಾಸವಿದ್ದ ಸುರುಳಿಯನ್ನು 1875ರಲ್ಲಿ ಡೊಮೆನಿಕೊ ಕಂಪರೆಟ್ಟಿ ಪ್ರಕಟಿಸಿದರು. ಅದನ್ನು ಬರೆದವನು ಫಿಲೊಡೆಮಸ್ ಎಂದು ವಿದ್ವಾಂಸರ ಎಣಿಕೆ. ಇನ್ನೊಂದು ಪುಸ್ತಕದಲ್ಲಿ ಸ್ಟೋಯಿಕರನ್ನು ಕಟುವಾಗಿ ಖಂಡಿಸಿದವನೂ ಅವನೇ.

ಇನ್ನೊಂದು ಸುರುಳಿಯ ಕೊನೆಯಲ್ಲಿ ಕ್ರಿಸಿಪ್ಪಸ್‌ನ ಹೆಸರೇ ಇತ್ತು. ಸ್ಟೋಯಿಕ್ ತತ್ತ್ವಕ್ಕೆ ಗಟ್ಟಿ ಕಟ್ಟಡ ಕೊಟ್ಟವನು ಅವನು. 700ಕ್ಕೂ ಹೆಚ್ಚು ಪುಸ್ತಕ ಬರೆದನೆಂದು ಪ್ರಾಚೀನರು ಹೇಳುತ್ತಾರೆ. ಪೂರ್ತಿಯಾಗಿ ಒಂದೂ ಉಳಿದಿಲ್ಲ. ಅವನ ಮಾತು ಸಿಕ್ಕುತ್ತಿದ್ದದ್ದು ಸಿಸೆರೊ, ಪ್ಲುಟಾರ್ಕ್ ಮೊದಲಾದ ಪ್ರಾಚೀನ ಲೇಖಕರ ಉಲ್ಲೇಖಗಳಲ್ಲಿ. ಈ ಸುರುಳಿಯಲ್ಲಿ ತರ್ಕದ ಪ್ರಶ್ನೆಗಳನ್ನು ಬಿಡಿಸುವ ಅವನದೇ ಪುಟಗಳು ಹರಕುಮುರುಕಾಗಿ ಕೈಗೆ ಬಂದವು. ಬಾಳನ್ನು ತಿದ್ದಬೇಕಾದರೆ ಮೊದಲು ಯೋಚನೆಯನ್ನು ತಿದ್ದಬೇಕು ಎಂಬ ಪಂಥಕ್ಕೆ ತರ್ಕ ಬರಿಯ ಪಾಂಡಿತ್ಯವಾಗಿರಲಿಲ್ಲ.

ಮೊದಮೊದಲ ಸ್ಟೋಯಿಕರ ಪುಸ್ತಕಗಳು ಬಹುಪಾಲು ಕಾಲದ ಪಾಲಾದವು. ಈ ಚೂರುಗಳನ್ನಾದರೂ ಉಳಿಸಿದ್ದು ಎದುರು ಪಂಥದವರ ಕಪಾಟು. ಬಿಚ್ಚದ ನೂರಾರು ಸುರುಳಿಗಳು ಈಗಲೂ ನೇಪಲ್ಸ್‌ನಲ್ಲಿವೆ. ಬಿಚ್ಚದೆಯೇ ಎಕ್ಸ್-ರೇಯಿಂದ ಓದುವ ಕೆಲಸ ಶುರುವಾಗಿದೆ. ಅವನ್ನೆಲ್ಲ ಓದಿ ಮುಗಿಯುವವರೆಗೆ ನಾವು ಕಲಿಯಬಹುದಾದ ಪಾಠ ಒಂದಿದೆ: ನಾವು ಒಪ್ಪದವರ ಪುಸ್ತಕಕ್ಕೂ ನಮ್ಮ ಮನೆಯಲ್ಲಿ ಜಾಗವಿರಲಿ.