ಪುಕ್ಕಟೆ ಆಟ, ಪಕ್ಕಾ ವಿಜ್ಞಾನ

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನ ಉತ್ತರಹಳ್ಳಿ, ಚಿಕ್ಕಲಸಂದ್ರದ ಮನೆಮನೆಯಲ್ಲೂ ಮೊಬೈಲ್ ಜಗಳ. ಆಟವೇ ಬೇಡ ಎನ್ನುವವನಲ್ಲ ನಾನು. ಬಿಡಿಗಾಸು ಕೊಡದೆ ಆಡಬಹುದಾದ, ಆಡಲೇಬೇಕಾದ ಕಂಪ್ಯೂಟರ್ ಆಟಗಳಿವೆ.

ಮೊದಲ ಹೆಸರು ಫೋಲ್ಡ್‌ಇಟ್. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯ 2008ರಲ್ಲಿ ಹೊರತಂದ ಆಟ. ಪರದೆಯ ಮೇಲೆ ಒಂದು ಪ್ರೋಟೀನ್ ಸರಪಳಿ ಇರುತ್ತದೆ. ಮೌಸಿನಿಂದ ಅದನ್ನು ಎಳೆದು, ತಿರುಚಿ, ಮಡಿಸಬೇಕು. ಅಂಕ ಕೊಡುವುದು ಪ್ರಕೃತಿಯ ನಿಯಮವೇ. ದೇಹದೊಳಗೆ ಪ್ರೋಟೀನು ಸಾಮಾನ್ಯವಾಗಿ ಅತಿ ಕಡಿಮೆ ಶಕ್ತಿಯ ಭಂಗಿಯಲ್ಲಿ ನೆಲೆ ನಿಲ್ಲುತ್ತದೆ. ಆಟದಲ್ಲೂ ಶಕ್ತಿ ಇಳಿದಷ್ಟೂ ಅಂಕ ಏರುತ್ತದೆ. ನೀರಿಗೆ ಒಗ್ಗದ ಭಾಗಗಳು ಒಳಗೆ ಅಡಗಬೇಕು, ಹೈಡ್ರೋಜನ್ ಬಂಧಗಳು ಕೂಡಬೇಕು, ಪರಮಾಣುಗಳು ಒಂದನ್ನೊಂದು ತುಳಿಯಬಾರದು.

ಮಂಗಗಳಿಗೆ ಏಡ್ಸ್‌ನಂಥ ರೋಗ ತರುವ ವೈರಸ್ಸಿನ ಒಂದು ಕಿಣ್ವದ ಆಕಾರ ದಶಕಕ್ಕೂ ಹೆಚ್ಚು ಕಾಲ ತಜ್ಞರಿಗೆ ದಕ್ಕಿರಲಿಲ್ಲ. ಅದನ್ನು ಈ ಆಟದಲ್ಲಿ ಒಗಟಾಗಿ ಮುಂದಿಟ್ಟಾಗ ಆಟಗಾರರು ಮೂರು ವಾರದಲ್ಲಿ ಕೊಟ್ಟ ಮಾದರಿಯನ್ನು ಹಿಡಿದು ವಿಜ್ಞಾನಿಗಳು ನಿಜವಾದ ರಚನೆಯನ್ನು ಬಿಡಿಸಿದರು! 2011ರಲ್ಲಿ ಪ್ರಕಟವಾದ ಆ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಆಟಗಾರರ ತಂಡಗಳ ಹೆಸರೂ ಇದೆ. ಇದು ಸಾಧ್ಯವಾದದ್ದು ಹೇಗೆ? ಶಕ್ತಿಯ ಒಂದು ತಗ್ಗಿಗೆ ಇಳಿದ ಕಂಪ್ಯೂಟರ್ ಅದೇ ತಳವೆಂದುಕೊಂಡು ಅಲ್ಲೇ ಸಿಕ್ಕಿಬೀಳುತ್ತಿತ್ತು. ಆಚೆಗೆ ಇನ್ನೂ ಆಳದ ಜಾಗ ಇರಬಹುದೆಂದು ಮನುಷ್ಯನ ಕಣ್ಣು ಊಹಿಸುತ್ತದೆ. ಅಲ್ಲಿಗೆ ಹೋಗಲು ಸದ್ಯಕ್ಕೆ ಅಂಕ ಕಳೆದುಕೊಳ್ಳಲೂ ಆತ ಸಿದ್ಧ. ಇಂದು ಪ್ರೋಟೀನಿನ ಆಕಾರ ಊಹಿಸುವ ಕೆಲಸವನ್ನು ಕೃತಕ ಬುದ್ಧಿಮತ್ತೆ ಬಹುಪಾಲು ವಹಿಸಿಕೊಂಡಿದೆ, ನಿಜ. ಆದರೆ ಆಟಗಾರರು ಹೊಸ ಪ್ರೋಟೀನುಗಳನ್ನೇ ರೂಪಿಸಹೊರಟರು. 2019ರ ವರದಿಯಂತೆ ಅವರ 146 ವಿನ್ಯಾಸಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ 56 ಸ್ಥಿರವಾಗಿ ಮಡಚಿಕೊಂಡವು. ಈ ಆಟದ ಹಿಂದಿರುವ ಪ್ರಯೋಗಾಲಯದ ಮುಖ್ಯಸ್ಥ ಡೇವಿಡ್ ಬೇಕರ್ ಅವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ಚಿಕ್ಕ ಮಕ್ಕಳಿಗೆ ಫೆಟ್ ಸಿಮ್ಯುಲೇಶನ್‌ಗಳು ವಾಸಿ. ನೊಬೆಲ್ ವಿಜೇತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಯೋಜನೆ ಅದು. ಬ್ಯಾಟರಿ, ವೈರು, ಬಲ್ಬು ಜೋಡಿಸಿ ಮಗು ತಾನೇ ಸರ್ಕೀಟು ಕಟ್ಟಬಹುದು. ತಪ್ಪಾಗಿ ಜೋಡಿಸಿದರೆ ಪರದೆಯ ಮೇಲೆ ಬೆಂಕಿ ಕಾಣುತ್ತದೆ, ಕೈ ಸುಡುವುದಿಲ್ಲ. ಕೆಲವು ಕನ್ನಡದಲ್ಲೂ ಸಿಗುತ್ತವೆ. ಇಂಥವನ್ನು ಹುಡುಕಲು ದೂರ ಹೋಗಬೇಕಿಲ್ಲ, ಹತ್ತಿರದ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರನ್ನು ಕೇಳಿದರಾಯಿತು: ಜಯನಗರದ ಐಟಿ ಫಾರ್ ಚೇಂಜ್ ಸಂಸ್ಥೆ ಬನಶಂಕರಿ ಮೂರನೇ ಹಂತದಲ್ಲಿರುವ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಜೊತೆಗೂಡಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಮುಕ್ತ ತಂತ್ರಾಂಶಗಳಲ್ಲಿ ತರಬೇತಿ ಕೊಟ್ಟಿದೆ.

ಚದುರಂಗಕ್ಕೆ ಲಿಚೆಸ್ ಜಾಲತಾಣ ಸಾಕು. ಜಾಹೀರಾತಿಲ್ಲ, ಶುಲ್ಕವಿಲ್ಲ, ದೇಣಿಗೆಯಿಂದಲೇ ನಡೆಯುತ್ತದೆ.

ಪುಕ್ಕಟೆ ಎನ್ನುವುದೆಲ್ಲ ಹೀಗಿಲ್ಲ. ಫೋನಿನ ಎಷ್ಟೋ ಆಟಗಳಲ್ಲಿ ಬಹುಮಾನ ಯಾವಾಗ ಬರುವುದೋ ಗೊತ್ತೇ ಆಗದು. ಕಾಳು ಹೀಗೆ ಲೆಕ್ಕವಿಲ್ಲದೆ ಬಿದ್ದಾಗ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆಂದು ಮನೋವಿಜ್ಞಾನಿ ಸ್ಕಿನ್ನರ್ ತೋರಿಸಿಕೊಟ್ಟಿದ್ದರು. ಗಳಿಗೆಗೊಂದು ಜಾಹೀರಾತು ತೋರಿಸಿ ನಾಣ್ಯ ಕೊಳ್ಳೆಂದು ಪೀಡಿಸುವ ಆಟವನ್ನು ಅಳಿಸಿಬಿಡಿ. ಈ ರಜೆಯಲ್ಲಿ ಮಕ್ಕಳ ಪಕ್ಕ ಕೂತು ಫೋಲ್ಡ್‌ಇಟ್‌ನ ಆರಂಭದ ಒಗಟುಗಳನ್ನು ನೀವೂ ಬಿಡಿಸಿ. ಅದಕ್ಕೆ ಜೀವರಸಾಯನಶಾಸ್ತ್ರ ಓದಿರಬೇಕಾಗಿಲ್ಲ.