ಐಡಿ ಕಳ್ಳರ ಮೇಲ್

ಹೈದರಾಬಾದಿನ ಉಪ್ಪಲ್ ರಿಂಗ್ ರೋಡಿನ ಆಸುಪಾಸಿನ ಹಾಸ್ಟೆಲ್‌ಗಳಲ್ಲಿ ಬೀದರ್, ಕಲಬುರಗಿ ಕಡೆಯ ಹುಡುಗರು ಸಿಗುತ್ತಾರೆ. 1956ರವರೆಗೆ ಆ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಓದಿಗೆ, ಕೆಲಸಕ್ಕೆ ಇತ್ತ ಬರುವ ರೂಢಿ ಇನ್ನೂ ಹೋಗಿಲ್ಲ. ದೊಡ್ಡ ಕ್ರಿಕೆಟ್ ಮೈದಾನ ಅಲ್ಲೇ ಇದ್ದರೂ ಊಟವಾದ ಮೇಲಿನ ಆಟ ಫೋನಿನಲ್ಲಿ ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್. ಲ್ಯಾಪ್‌ಟಾಪ್ ಇದ್ದವರಿಗೆ ಸ್ಟೀಮ್ ಎಂಬ ಗೇಮ್ ತಾಣ. ವರ್ಷಗಟ್ಟಲೆ ಆಡಿ ಬೆಳೆಸಿದ ಐಡಿ, ದುಡ್ಡು ಕೊಟ್ಟು ಕೊಂಡ ಗನ್ ಸ್ಕಿನ್ (ಆಟದ ಬಂದೂಕಿನ ಅಲಂಕಾರ) ಇವಕ್ಕೆಲ್ಲ ಮಾರುವ, ಕೊಳ್ಳುವ ಸಂತೆಯೇ ಇದೆ. ಕಳ್ಳನ ಕಣ್ಣು ಬೀಳುವುದು ಅದರ ಮೇಲೆಯೇ.

ಅವನು ಕಳಿಸುವ ಮೇಲ್ ಒಂದೋ ಆಸೆ ತೋರಿಸುತ್ತದೆ, ಇಲ್ಲ ಹೆದರಿಸುತ್ತದೆ. ‘ಯುಸಿ (ಬಿಜಿಎಂಐನೊಳಗಿನ ನಾಣ್ಯ) ಉಚಿತ, ಇವತ್ತೇ ಕೊನೆ’ ಎನ್ನುವುದು ಮೊದಲ ಬಗೆ. ‘ನೀವು ಚೀಟ್ ಮಾಡಿದ್ದೀರೆಂದು ದೂರು ಬಂದಿದೆ, 24 ಗಂಟೆಯೊಳಗೆ ಲಾಗಿನ್ ಆಗದಿದ್ದರೆ ಬ್ಯಾನ್’ ಎನ್ನುವುದು ಎರಡನೆಯದು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಅಪಾಯಕಾರಿ. ಪುಕ್ಕಟೆ ಎಂದರೆ ಅನುಮಾನಪಡುವ ಜಾಣನೂ ಬ್ಯಾನ್ ಎಂದೊಡನೆ ಲಿಂಕ್ ಒತ್ತಿಬಿಡುತ್ತಾನೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತೆಲಂಗಾಣ 2017ರಲ್ಲೇ ನಿಷೇಧಿಸಿತ್ತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆಯೂ ಬಂತು. ಹಾಗಾಗಿ ‘ಆ ಆಟಗಳಲ್ಲಿ ಸಿಕ್ಕಿಕೊಂಡ ನಿಮ್ಮ ಹಣ ವಾಪಸ್ ಕೊಡುತ್ತೇವೆ’ ಎಂಬ ಮೇಲ್ ಬಂದರೂ ಅದೇ ಅನುಮಾನವಿರಲಿ.

ಮೋಸ ಅಡಗಿರುವುದು ವೆಬ್ ವಿಳಾಸದಲ್ಲಿ. ಇಂಗ್ಲಿಷಿನ ಆರ್ ಮತ್ತು ಎನ್ ಸಣ್ಣಕ್ಷರಗಳನ್ನು ಒತ್ತಾಗಿ ಬರೆದರೆ ಎಮ್‌ನಂತೆ ಕಾಣುತ್ತದೆ. ‘ಸ್ಟೀಮ್ ಕಮ್ಯೂನಿಟಿ’ ಎಂದು ಕಣ್ಣು ಓದಿದ್ದು ಬೇರೆಯೇ ತಾಣವಾಗಿರಬಹುದು. ಫೋನಿನ ಪುಟ್ಟ ಪರದೆಯಲ್ಲಂತೂ ಗೊತ್ತೇ ಆಗದು.

ಇದಕ್ಕಿಂತ ಚಾಲಾಕಿ ತಂತ್ರವೊಂದು 2022ರಲ್ಲಿ ಬೆಳಕಿಗೆ ಬಂತು. ನಕಲಿ ಪುಟದೊಳಗೇ ಲಾಗಿನ್ ಕಿಟಕಿಯೊಂದರ ಚಿತ್ರ ಬಿಡಿಸಿರುತ್ತಾರೆ. ಅದರ ನೆತ್ತಿಯಲ್ಲಿ ಸ್ಟೀಮ್‌ನ ಅಸಲಿ ವಿಳಾಸ, ಬೀಗದ ಗುರುತು ಎಲ್ಲ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಆ ಕಿಟಕಿಯನ್ನು ಹಿಡಿದು ಬ್ರೌಸರ್‌ನ ಅಂಚಿನಾಚೆ ಎಳೆದು ನೋಡಿ. ನಿಜವಾದದ್ದು ಹೊರಗೆ ಬರುತ್ತದೆ, ಚಿತ್ರ ಅಂಚಿನಲ್ಲೇ ನಿಲ್ಲುತ್ತದೆ.

ಇಷ್ಟೆಲ್ಲ ಪತ್ತೇದಾರಿಕೆ ಬೇಡವೆನ್ನುವವರು ಮೇಲ್‌ನ ಲಿಂಕ್ ಮುಟ್ಟದೆ ಗೇಮ್ ಆ್ಯಪ್ ತಾವೇ ತೆರೆಯಲಿ. ಬ್ಯಾನ್ ನಿಜವಾದರೆ ಅಲ್ಲಿ ತಿಳಿದೇ ತಿಳಿಯುತ್ತದೆ. ಒಟಿಪಿ, ಸ್ಟೀಮ್ ಗಾರ್ಡ್ ಕೋಡ್ ಗೆಳೆಯ ಕೇಳಿದರೂ ಕೊಡಬಾರದು. ಕೇಳುತ್ತಿರುವವನು ಗೆಳೆಯನ ಐಡಿ ಕದ್ದ ಕಳ್ಳನೇ ಇದ್ದಾನು.

ಪಾಸ್‌ವರ್ಡ್ ಕೊಟ್ಟಾಗಿಹೋಗಿದೆಯೇ? ಬೇರೆ ಫೋನಿನಿಂದ ಮೊದಲು ಜಿಮೇಲ್‌ನದು ಬದಲಿಸಿ, ಆಮೇಲೆ ಗೇಮ್‌ನದು. ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ. ಸ್ಟೀಮ್ ಬಳಸುವವರು ತಮ್ಮ ಖಾತೆಯ ಎಪಿಐ ಕೀ ಪುಟವನ್ನೂ ನೋಡಬೇಕು. ನೀವು ಮಾಡಿಸದ ಕೀ ಅಲ್ಲಿದ್ದರೆ ಅಳಿಸಿ, ಅದನ್ನಿಟ್ಟುಕೊಂಡು ಕಳ್ಳ ನಿಮ್ಮ ಸ್ಕಿನ್ ವ್ಯಾಪಾರವನ್ನು ತನ್ನತ್ತ ತಿರುಗಿಸಿಕೊಳ್ಳಬಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ; ಉಪ್ಪಲ್‌ನಲ್ಲಿದ್ದರೂ ಬೀದರ್‌ನಲ್ಲಿದ್ದರೂ ನಂಬರ್ ಒಂದೇ. ಆ ಮೇಲ್ ಅಳಿಸಬೇಡಿ, ದೂರಿಗೆ ಬೇಕಾಗುತ್ತದೆ. ಅಪ್ಪ ಅಮ್ಮಂದಿರು ಗೇಮ್ ಆಡಿದ್ದಕ್ಕೆ ಬೈಯುವುದಿದ್ದರೆ ದೂರು ಕೊಟ್ಟ ಮೇಲೆ ಬೈಯಲಿ. ಬೈಗುಳಕ್ಕೆ ಹೆದರಿ ಹುಡುಗ ಮುಚ್ಚಿಟ್ಟರೆ ದುಡ್ಡು ಅಷ್ಟರಲ್ಲಿ ಕೈಯಿಂದ ಕೈಗೆ ದಾಟಿರುತ್ತದೆ.