ಅಪ್ಪನೊಂದಿಗೆ ಥಾರ್‌ಗೆ ಹೊರಟಾಗ

ದೀಪಾವಳಿ ಮುಗಿದ ಮೇಲೆ ಅಪ್ಪ ಗದಗಿನಿಂದ ಗುರುಗ್ರಾಮಕ್ಕೆ ಬಂದರು. ಅವ್ವ ಹೋದ ಮೇಲೆ ವರ್ಷದಲ್ಲಿ ನಾಲ್ಕು ತಿಂಗಳು ನಮ್ಮ ಹತ್ತಿರ, ಉಳಿದದ್ದು ಅಕ್ಕನ ಹತ್ತಿರ ಎಂದು ಮಾಡಿಕೊಂಡಿದ್ದೇವೆ. ಆದರೆ ನವೆಂಬರಿನಲ್ಲಿ ಇಲ್ಲಿಯ ಹೊಗೆ ಹೇಗಿರುತ್ತದೆಂದು ದಿಲ್ಲಿ ಸುತ್ತಮುತ್ತ ಇರುವವರಿಗೆ ಹೇಳಬೇಕಿಲ್ಲ. ಬೆಳಗಿನ ವಾಕಿಂಗ್ ಬಂದ್. ಹಿಂದಿ ಬಾರದ ಅಪ್ಪನಿಗೆ ಪಾರ್ಕಿನ ಗೆಳೆಯರೂ ಇಲ್ಲ. ಎಂಟನೇ ಮಹಡಿಯ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಿದ್ದರು.

ಒಂದು ಸಂಜೆ ನಾನು ಆಫೀಸಿನಿಂದ ಬಂದು ಶೂ ಬಿಚ್ಚುತ್ತಿದ್ದಾಗ ಕೇಳಿದರು: ‘ತಮ್ಮಾ, ಥಾರ್ ಮರುಭೂಮಿ ಇಲ್ಲಿಂದ ಎಷ್ಟ್ ದೂರ ಐತಿ?’

‘ಜೈಸಲ್ಮೇರ್‌ಗೆ ಎಂಟುನೂರು ಕಿಲೋಮೀಟರ್ ಆಗಬೌದ್ರಿ ಅಪ್ಪಾ. ಯಾಕ್ರಿ?’

‘ಏನಿಲ್ಲ. ಮೂವತ್ನಾಕು ವರ್ಷ ಹುಡುಗರಿಗೆ ಬೋರ್ಡಿನ ಮ್ಯಾಲೆ ತೆಗದು ತೋರಿಸೇನಿ. ಒಮ್ಮೆಯೂ ನೋಡಿಲ್ಲ.’

ರೋಣ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಸಮಾಜ ಪಾಠ ಹೇಳಿದವರು ಅಪ್ಪ. ಏನನ್ನೂ ಬೇಕು ಅಂತ ಕೇಳುವ ಸ್ವಭಾವದವರಲ್ಲ. ಇಷ್ಟು ಕೇಳಿದ್ದೇ ನಮಗೆ ಸಾಕಾಯಿತು. ಅಂದೇ ರಾತ್ರಿ ಊಟಕ್ಕೆ ಕೂತಾಗ ತೀರ್ಮಾನವಾಯಿತು: ಜನವರಿಯಲ್ಲಿ ಹೋಗುವುದು, ಒಂದು ರಾತ್ರಿಯಾದರೂ ಮರಳ ದಿಬ್ಬದ ಹತ್ತಿರ ಟೆಂಟಿನಲ್ಲಿ ಮಲಗುವುದು.

ಅಕ್ಕನಿಗೆ ಫೋನ್ ಮಾಡಿದೆ. ‘ಸಕ್ಕರಿ ಕಾಯಿಲೆ ಇರೋ ಅಪ್ಪನ್ನ ಉಸುಕಿನ್ಯಾಗ ಮಲಗಸ್ತೀಯೇನೋ? ತಲಿ ಕೆಟ್ಟೈತೇನು ನಿನಗ? ಹತ್ತು ವರ್ಷದಿಂದ ಸೂಜಿ ಚುಚ್ಚಿಕೊಳ್ಳಾಕತ್ತಾರ, ನಿನಗ ಗೊತ್ತಿಲ್ಲೇನು?’ ಎಂದಳು. ಎಲ್ಲ ವ್ಯವಸ್ಥೆ ಸರಿಯಾಗಿ ಮಾಡುತ್ತೇನೆ ಎಂದು ಮಾತು ಕೊಟ್ಟೆ. ಆ ಮಾತಿನ ಭಾರ ಆಮೇಲೆ ಗೊತ್ತಾಯಿತು.

ಮರುಭೂಮಿ ಕ್ಯಾಂಪಿಂಗ್ ಎಂದರೆ ನನ್ನ ತಲೆಯಲ್ಲಿ ಇದ್ದದ್ದು ನಮ್ಮದೇ ಸಣ್ಣ ಟೆಂಟು, ಬೆಂಕಿ, ನಕ್ಷತ್ರ. ವಿಚಾರಿಸುತ್ತ ಹೋದಂತೆ ಚಿತ್ರ ಬದಲಾಯಿತು. ಜೈಸಲ್ಮೇರ್‌ನಿಂದ 40 ಕಿ.ಮೀ. ಪಶ್ಚಿಮಕ್ಕಿರುವ ಸಮ್ ಎಂಬ ಊರಿನ ದಿಬ್ಬಗಳೇ ಎಲ್ಲರಿಗೂ ಗೊತ್ತಿರುವ ಜಾಗ. ಅಲ್ಲಿ ರಸ್ತೆಯ ಪಕ್ಕದಲ್ಲೇ ಸಾಲುಸಾಲಾಗಿ ಕ್ಯಾಂಪುಗಳು. ಟೆಂಟು ಎಂದರೆ ಮಂಚ, ಹಾಸಿಗೆ, ಒಳಗೇ ಬಚ್ಚಲುಮನೆ ಇರುವ ಬಟ್ಟೆಯ ಕೋಣೆ. ಸಂಜೆಗೆ ಒಂಟೆ ಸವಾರಿ, ಜೀಪ್ ಸವಾರಿ, ರಾತ್ರಿ ಬೆಂಕಿಯ ಸುತ್ತ ಹಾಡು, ಕುಣಿತ. ಇದರಲ್ಲಿ ತಪ್ಪೇನಿಲ್ಲ. ಗೆಳೆಯರ ಗುಂಪು ಹೋದರೆ ಮಜವೇ. ಆದರೆ ಪಕ್ಕಪಕ್ಕದ ಮೂರು ಕ್ಯಾಂಪುಗಳಲ್ಲಿ ಮೂರು ಡಿಜೆ ಹಚ್ಚಿದರೆ ಎಪ್ಪತ್ತೆರಡರ ಅಪ್ಪ ಮಲಗುವುದು ಹೇಗೆ? ಮೇಲಾಗಿ ಆ ಭಾಗದಲ್ಲೇ 3,162 ಚದರ ಕಿ.ಮೀ. ವಿಸ್ತಾರದ ಮರುಭೂಮಿ ರಾಷ್ಟ್ರೀಯ ಉದ್ಯಾನವಿದೆ. ಕಂಡಕಂಡಲ್ಲಿ ಸ್ವಂತ ಟೆಂಟು ಹೊಡೆಯುವ ಆಸೆಯನ್ನು ಅಲ್ಲಿಗೇ ಬಿಟ್ಟೆ.

ಇನ್ನೊಂದು ಜಾಗ ಖುರಿ. ಜೈಸಲ್ಮೇರ್‌ನ ನೈರುತ್ಯಕ್ಕೆ, ಸಮ್‌ಗಿಂತ ಸ್ವಲ್ಪ ದೂರ. ಮಣ್ಣಿನ ಮನೆಗಳ ಹಳ್ಳಿ, ಅದರಾಚೆ ದಿಬ್ಬ. ಗದ್ದಲ ಕಡಿಮೆ ಎಂದು ಅಲ್ಲಿಗೆ ಹೋಗಿ ಬಂದ ಸಹೋದ್ಯೋಗಿ ಹೇಳಿದ. ಹಾಗೆಂದು ಅಲ್ಲಿ ಡಿಜೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಕೇಳಿಯೇ ಬುಕ್ ಮಾಡಬೇಕು.

ನನ್ನ ಹೆಂಡತಿ ಒಂದು ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆದುಕೊಟ್ಟಳು. ಏಳು ಕ್ಯಾಂಪಿಗೆ ಫೋನ್ ಮಾಡಿದೆ. ಧ್ವನಿವರ್ಧಕ ಹಚ್ಚುತ್ತೀರಾ, ಎಷ್ಟು ಗಂಟೆಯವರೆಗೆ? ಬಚ್ಚಲು ಟೆಂಟಿನ ಒಳಗೋ ಹೊರಗೋ? ಬಿಸಿನೀರು ಯಾವಾಗ? ಎಷ್ಟು ರಜಾಯಿ ಕೊಡುತ್ತೀರಿ? ಕಾರು ಎಲ್ಲಿಯವರೆಗೆ ಬರುತ್ತದೆ? ಒಂಟೆ ಸವಾರಿಯ ಹಣ ಸೇರಿದೆಯೋ ಬೇರೆಯೋ? ಊಟ ಎಷ್ಟು ಗಂಟೆಗೆ? ಕೊನೆಯ ಪ್ರಶ್ನೆಗೆ ಖುರಿಯ ಒಬ್ಬರು ‘ಆಠ್ ಬಜೇ, ಪಕ್ಕಾ’ ಎಂದರು. ಅವರಿಗೇ ಮುಂಗಡ ಕಳಿಸಿದೆ. ಇಲ್ಲೊಂದು ಮಾತು. ಬಾಯಿಮಾತಿನ ಪಕ್ಕಾವನ್ನು ನಂಬಬೇಡಿ, ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಳ್ಳಿ. ನಾನು ಬರೆಸಿಕೊಳ್ಳಲಿಲ್ಲ.

ದಿನಾಂಕ ಗೊತ್ತು ಮಾಡುವಾಗ ಪಂಚಾಂಗ ನೋಡಿದ್ದು ಅಪ್ಪನೇ. ಹುಣ್ಣಿಮೆಯಾದರೆ ಮರಳು ಬೆಳ್ಳಗೆ ಹೊಳೆಯುತ್ತದೆ, ಆದರೆ ಚುಕ್ಕಿ ಕಾಣುವುದಿಲ್ಲ. ಮೊಮ್ಮಗಳಿಗೆ ಸಪ್ತರ್ಷಿ ತೋರಿಸಬೇಕು ಎಂದು ಅಮಾವಾಸ್ಯೆಯ ಹತ್ತಿರದ ವಾರ ಆರಿಸಿದರು. ಅಲ್ಲಿಗೆ ಹೋಗುವ ಕಾಲ ಅಕ್ಟೋಬರಿನಿಂದ ಮಾರ್ಚ್. ಬೇಸಿಗೆಯ ಮಾತು ಬೇಡವೇ ಬೇಡ. ಜೈಸಲ್ಮೇರ್‌ಗೆ ಹೋಗುವ ದಾರಿಯಲ್ಲೇ ಸಿಗುವ ಫಲೋದಿಯಲ್ಲಿ 2016ರ ಮೇ ತಿಂಗಳಲ್ಲಿ 51 ಡಿಗ್ರಿ ದಾಖಲಾಗಿತ್ತು. ಜನವರಿಯಲ್ಲಿ ಅದರ ಉಲ್ಟಾ: ಮಧ್ಯಾಹ್ನ ಸ್ವೆಟರ್ ಬಿಚ್ಚಬೇಕು, ರಾತ್ರಿ ಐದಾರು ಡಿಗ್ರಿಗೆ ಇಳಿಯುತ್ತದೆ, ಕೆಲವೊಮ್ಮೆ ಇನ್ನೂ ಕೆಳಗೆ. ಮರಳು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಗಾಳಿಯಲ್ಲಿ ತೇವವಿಲ್ಲದ್ದರಿಂದ ಹಗಲಿನ ಕಾವು ರಾತ್ರಿಗೆ ಉಳಿಯುವುದಿಲ್ಲ. ಇದನ್ನು ರೈಲಿನಲ್ಲಿ ಅಪ್ಪ ನನ್ನ ಮಗಳಿಗೆ ಪಾಠ ಮಾಡಿದರು, ಪೂರಾ ಒಂದು ಪೀರಿಯಡ್ಡು.

ದಿಲ್ಲಿಯಿಂದ ಜೈಸಲ್ಮೇರ್‌ಗೆ ನೇರ ರೈಲಿದೆ. ಹದಿನೇಳು ಹದಿನೆಂಟು ಗಂಟೆ. ಮುಂಬೈ, ಪುಣೆಯವರು ಜೋಧಪುರದವರೆಗೆ ರೈಲಿನಲ್ಲಿ, ಹೈದರಾಬಾದ್, ಚೆನ್ನೈಯವರು ವಿಮಾನದಲ್ಲಿ ಬಂದು ಅಲ್ಲಿಂದ ಕಾರು ಮಾಡಿಕೊಳ್ಳುವುದು ಸಲೀಸು. ಜೋಧಪುರದಿಂದ 280 ಕಿ.ಮೀ., ಒಳ್ಳೆಯ ರಸ್ತೆ, ಐದು ಗಂಟೆ. ಹಿರಿಯರಿದ್ದರೆ ಮೊದಲ ರಾತ್ರಿ ಊರಲ್ಲೇ ಉಳಿದು ಸುಧಾರಿಸಿಕೊಂಡು ಮರುದಿನ ಕ್ಯಾಂಪಿಗೆ ಹೋಗಿ. ನಾವೂ ಹಾಗೇ ಮಾಡಿದೆವು. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಕೋಟೆಯೊಳಗೆ ಇಂದಿಗೂ ಜನ ವಾಸವಾಗಿದ್ದಾರೆ. ಕಿರಾಣಿ ಅಂಗಡಿ, ಒಣಗಲು ಹಾಕಿದ ಬಟ್ಟೆ, ಅಡ್ಡ ನಿಂತ ಆಕಳು ಎಲ್ಲ ನೋಡಿ ಅಪ್ಪನಿಗೆ ಖುಷಿಯಾಯಿತು.

ಔಷಧಿಯ ತಯಾರಿಯಲ್ಲಿ ನಾನು ಹುಷಾರಾಗಿದ್ದೆ, ಅಥವಾ ಹಾಗಂದುಕೊಂಡಿದ್ದೆ. ಇನ್ಸುಲಿನ್ ಬಿಸಿಲಲ್ಲಿ ನಿಂತ ಕಾರಿನಲ್ಲಿ ಇರಬಾರದು, ಹೆಪ್ಪುಗಟ್ಟಲೂಬಾರದು. ಹೀಗಾಗಿ ಜಾಕೆಟ್ಟಿನ ಒಳಜೇಬಿನಲ್ಲಿ ನಾನೇ ಇಟ್ಟುಕೊಂಡೆ. ಸೂಜಿ, ಪಟ್ಟಿ ಎಲ್ಲ ಎರಡು ಪಟ್ಟು. ಸಕ್ಕರೆ ಇಳಿದರೆ ಬೇಕಾಗುತ್ತದೆಂದು ಗ್ಲೂಕೋಸ್ ಪುಡಿಯ ಎರಡು ಡಬ್ಬಿ. ಅಕ್ಕ ಕಳಿಸಿದ ಕಂಬಳಿ, ಕಿವಿ ಮುಚ್ಚುವ ಟೋಪಿ, ಟಾರ್ಚು.

ಮರುದಿನ ಮಧ್ಯಾಹ್ನ ಮೂರಕ್ಕೆ ಖುರಿ ತಲುಪಿದೆವು. ಕಾರು ಹಳ್ಳಿಯಲ್ಲೇ ನಿಂತಿತು. ಅಲ್ಲಿಂದ ಕ್ಯಾಂಪಿಗೆ ಒಂಟೆ ಗಾಡಿ, ಸುಮಾರು ಒಂದು ಕಿಲೋಮೀಟರ್. ದಾರಿಯಲ್ಲಿ ಅಪ್ಪ ಗಾಡಿ ನಿಲ್ಲಿಸಲು ಹೇಳಿದರು. ಇಳಿದು ಒಂದು ಮರದ ಹತ್ತಿರ ಹೋಗಿ ಎಲೆ ಹಿಡಿದು ನೋಡಿದರು. ‘ತಮ್ಮಾ, ಇದು ಬನ್ನಿ ಅಲ್ಲೇನೋ?’

ಬನ್ನಿಯೇ. ಇಲ್ಲಿಯವರು ಖೇಜಡಿ ಎನ್ನುತ್ತಾರೆ. ನಾವು ದಸರೆಯಲ್ಲಿ ಪೂಜೆ ಮಾಡಿ, ಎಲೆ ಕೊಟ್ಟು ಬಂಗಾರ ಎನ್ನುವ ಅದೇ ಮರ. ಇಲ್ಲಿ ಅದರ ಎಲೆ ಆಡು ಒಂಟೆಗಳಿಗೆ ಮೇವು, ಎಳೆಯ ಕಾಯಿ ಒಣಗಿಸಿದರೆ ಸಾಂಗ್ರಿ. ಕೇರ್ ಸಾಂಗ್ರಿ ಪಲ್ಯ ಎಂದು ಜೈಸಲ್ಮೇರ್‌ನ ಹೋಟೆಲಿನಲ್ಲಿ ಹಿಂದಿನ ರಾತ್ರಿ ತಿಂದದ್ದು ಬನ್ನಿಕಾಯಿಯ ಪಲ್ಯ! ಅಪ್ಪನಿಗೆ ಇದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಒಂಟೆಯವನಿಗೆ ಕನ್ನಡದಲ್ಲೇ ಏನೇನೋ ಕೇಳಿದರು, ಅವನು ಮಾರವಾಡಿಯಲ್ಲಿ ಉತ್ತರ ಕೊಟ್ಟ. ಇಬ್ಬರಿಗೂ ತೊಂದರೆಯಾದಂತೆ ಕಾಣಲಿಲ್ಲ. ‘ನಾ ಹುಡುಗರಿಗೆ ಬರೇ ಉಸುಕು ತೆಗದು ತೋರಿಸ್ತಿದ್ದೆ. ಗಿಡಾನ ಇಲ್ಲ ಅಂತಿದ್ದೆ’ ಎಂದು ಎರಡು ಸಲ ಅಂದರು. ಆ ರಾಷ್ಟ್ರೀಯ ಉದ್ಯಾನದಲ್ಲೂ ದಿಬ್ಬಗಳಿರುವುದು ಐದನೇ ಒಂದು ಭಾಗದಷ್ಟು. ಉಳಿದದ್ದು ಕಲ್ಲು, ಕುರುಚಲು, ಹುಲ್ಲು.

ಆ ಹುಲ್ಲುಗಾವಲಿನದೇ ಹಕ್ಕಿ ಗೋಡಾವಣ, ರಾಜಸ್ಥಾನದ ರಾಜ್ಯಪಕ್ಷಿ. ನಮ್ಮ ಕಡೆ ಎರೆಭೂತ ಎನ್ನುವ, ಸಿರುಗುಪ್ಪದ ಎರೆ ಹೊಲಗಳಲ್ಲಿ ಕೈಬೆರಳೆಣಿಕೆಯಷ್ಟು ಉಳಿದಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್. ದೇಶದಲ್ಲಿ ಉಳಿದವುಗಳಲ್ಲಿ ಬಹುಪಾಲು ಈ ಜೈಸಲ್ಮೇರ್ ಸೀಮೆಯಲ್ಲೇ ಇವೆ. ವಿದ್ಯುತ್ ತಂತಿಗೆ ಬಡಿದು ಸಾಯುವುದೇ ಅವಕ್ಕೆ ದೊಡ್ಡ ಗಂಡಾಂತರ. ನಮಗೆ ಕಾಣಲಿಲ್ಲ. ಡಿಜೆ ಕೇಳಿಸಿದ ಹಕ್ಕಿ ಕಾಣಿಸೀತಾದರೂ ಹೇಗೆ ಎಂದು ಹೆಂಡತಿ ಗೊಣಗಿದಳು.

ಸೂರ್ಯ ಮುಳುಗುವಾಗ ಅಪ್ಪ ದಿಬ್ಬದ ಮೇಲೆ ಚಪ್ಪಲಿ ಬಿಟ್ಟು ಕೂತಿದ್ದರು. ಒಂದು ಹಿಡಿ ಮರಳು ತೆಗೆದು ಬೆರಳ ಸಂದಿಯಲ್ಲಿ ಬಿಡುತ್ತಿದ್ದರು. ಎರೆಮಣ್ಣಿನ ಮನುಷ್ಯನಿಗೆ ಕೈಗೆ ಅಂಟದ ಮಣ್ಣು ಹೊಸದು. ಮಾತಾಡಿಸಲಿಲ್ಲ ನಾನು.

ಎಂಟಕ್ಕೆ ಊಟ ಎಂದಿದ್ದರಲ್ಲ, ಏಳೂ ಮುಕ್ಕಾಲಿಗೆ ದಿನದಂತೆ ಇನ್ಸುಲಿನ್ ಚುಚ್ಚಿಕೊಂಡರು. ಎಂಟಾಯಿತು, ಎಂಟೂವರೆಯಾಯಿತು. ಇನ್ನೊಂದು ಗುಂಪು ಬರಬೇಕು, ಹಾಡಿನವರು ಕಾಯುತ್ತಿದ್ದಾರೆ, ಕಾರ್ಯಕ್ರಮ ಮುಗಿದ ಮೇಲೆ ಎಲ್ಲರಿಗೂ ಒಟ್ಟಿಗೇ ಊಟ ಎಂದರು ಕ್ಯಾಂಪಿನವರು. ಮಾಂಗಣಿಯಾರ್ ಹಾಡುಗಾರರು ಶುರು ಮಾಡಿದರು. ಕಮಾಯ್ಚಾದ ದನಿ ಚೆನ್ನಾಗಿಯೇ ಇತ್ತು, ನಾನೂ ಕೇಳುತ್ತ ಮೈಮರೆತೆ. ಮಗಳು ಬಂದು ಜಾಕೆಟ್ ಜಗ್ಗಿದಳು: ‘ಅಪ್ಪಾ, ಅಜ್ಜ ಬೆವರ್ತಿದ್ದಾರೆ.’

ನಾವೆಲ್ಲ ನಡುಗುತ್ತಿದ್ದೆವು. ಅಪ್ಪನ ಹಣೆಯ ಮೇಲೆ ಬೆವರ ಹನಿ. ಕೈ ನಡುಗುತ್ತಿತ್ತು, ಕೇಳಿದ್ದಕ್ಕೆ ಉತ್ತರ ತಡವಾಗಿ ಬರುತ್ತಿತ್ತು. ಟೆಂಟಿಗೆ ಓಡಿ ಸಕ್ಕರೆ ಅಳೆಯುವ ಮೀಟರ್ ತಂದೆ. ಪರದೆಯ ಮೇಲೆ ಅಂಕಿ ಬರಲಿಲ್ಲ, ದೋಷ ಎಂದು ತೋರಿಸಿತು. ಇನ್ನೊಂದು ಪಟ್ಟಿ ಹಾಕಿದೆ, ಮತ್ತೆ ಅದೇ. ಗ್ಲೂಕೋಸ್ ಡಬ್ಬಿಗಳು ಎಲ್ಲಿ? ಎರಡೂ ಕಾರಿನಲ್ಲಿದ್ದ ದೊಡ್ಡ ಬ್ಯಾಗಿನಲ್ಲಿ. ಕಾರು ಒಂದು ಕಿಲೋಮೀಟರ್ ಆಚೆ, ಕತ್ತಲಲ್ಲಿ. ಹೆಂಡತಿ ಅಡುಗೆಯ ಟೆಂಟಿನ ಕಡೆ ಓಡಿದಳು.

ಅಷ್ಟರಲ್ಲಿ ಒಂಟೆಯವನು, ಅಪ್ಪನ ಜೊತೆ ಬನ್ನಿಮರದ ಹತ್ತಿರ ಮಾತಾಡಿದವನೇ, ಏನಾಗಿದೆ ಎಂದು ಕೇಳಿದ. ‘ಶುಗರ್ ಗಿರ್ ಗಯಾ’ ಎಂದೆ. ತನ್ನ ಚೀಲದಿಂದ ಬಟ್ಟೆಯ ಗಂಟು ಬಿಚ್ಚಿ ಬೆಲ್ಲದ ತುಂಡು ಕೊಟ್ಟ. ಒಂಟೆಗೆ ತಿನ್ನಿಸಲು ಇಟ್ಟುಕೊಂಡದ್ದು. ಪ್ರಜ್ಞೆ ಸರಿಯಿದ್ದು ನುಂಗುವಂತಿದ್ದರೆ ಮಾತ್ರ ಬಾಯಿಗೆ ಕೊಡಬೇಕು ಎಂದು ಡಾಕ್ಟರು ಹೇಳಿದ್ದು ನೆನಪಿತ್ತು. ಅಪ್ಪ ಚೀಪಿ ನುಂಗಿದರು. ಹೆಂಡತಿ ತಂದ ಸಕ್ಕರೆ ನೀರನ್ನೂ ಕುಡಿದರು. ಮೀಟರನ್ನು ನಾನು ಶರ್ಟಿನೊಳಗೆ ಮೈಗೆ ಒತ್ತಿ ಹಿಡಿದುಕೊಂಡೆ. ಕಾಲು ಗಂಟೆಯ ನಂತರ ಅದು ಬೆಚ್ಚಗಾಗಿ 71 ತೋರಿಸಿತು. ಅದಕ್ಕೂ ಮೊದಲು ಎಷ್ಟಿತ್ತೋ, ಯೋಚಿಸಿದರೆ ಈಗಲೂ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ. ಅನೇಕ ಮೀಟರ್‌ಗಳು ಹತ್ತು ಡಿಗ್ರಿಗಿಂತ ಕೆಳಗೆ ಕೆಲಸ ಮಾಡುವುದಿಲ್ಲ. ಡಬ್ಬಿಯೊಳಗಿನ ಚೀಟಿಯಲ್ಲಿ ಅದನ್ನು ಬರೆದಿರುತ್ತಾರೆ, ಮನೆಗೆ ಬಂದ ಮೇಲೆ ಓದಿದೆ.

ಆಮೇಲೆ ಅಡುಗೆಯವರು ತಾವಾಗಿಯೇ ಎರಡು ಸಜ್ಜೆ ರೊಟ್ಟಿ, ಬೇಳೆ ಕೊಟ್ಟರು. ಅಪ್ಪ ರೊಟ್ಟಿ ಮುರಿಯುತ್ತ, ‘ಒಂಟಿ ಪಾಲಿನ ಬೆಲ್ಲ ತಿಂದ್ಬಿಟ್ನೆಲ್ಲೋ’ ಎಂದು ನಕ್ಕರು. ನಗು ಬಂದ ಮೇಲೆ ನನಗೆ ಕಾಲು ನಡುಗತೊಡಗಿತು. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಅಳೆದೆ. ಬೆಳಗಿನ ಜಾವ ಅಪ್ಪನೇ ನಮ್ಮನ್ನೆಲ್ಲ ಎಬ್ಬಿಸಿ, ಕಂಬಳಿ ಹೊದ್ದು ಹೊರಗೆ ನಿಂತು ಮೊಮ್ಮಗಳಿಗೆ ಸಪ್ತರ್ಷಿಯಿಂದ ಧ್ರುವ ನಕ್ಷತ್ರ ಹುಡುಕುವುದನ್ನು ಕಲಿಸಿದರು.

ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ನನ್ನ ಹಾಳೆಯಲ್ಲಿ ಈಗ ಸೇರಿರುವುದು ಇಷ್ಟು: ತಟ್ಟೆ ಮುಂದೆ ಬರುವವರೆಗೆ ಇನ್ಸುಲಿನ್ ಬೇಡ. ಗ್ಲೂಕೋಸ್ ಎರಡು ಜನರ ಜೇಬಿನಲ್ಲಿರಬೇಕು, ಬ್ಯಾಗಿನಲ್ಲಲ್ಲ. ಮೀಟರ್ ಮೈಗೆ ಹತ್ತಿರ, ರಾತ್ರಿ ರಜಾಯಿಯೊಳಗೆ. ಕಾರಿನ ಚಾಲಕನ ನಂಬರು ಮಾತ್ರವಲ್ಲ, ಅವನು ರಾತ್ರಿ ಎಲ್ಲಿ ಮಲಗುತ್ತಾನೆಂಬುದೂ ಗೊತ್ತಿರಲಿ. ದಿಬ್ಬದ ಹಿಂದೆ ನೆಟ್‌ವರ್ಕ್ ಸಿಗುವುದಿಲ್ಲ. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ, ಚೇಳು ಇರಬಹುದು. ಮರುದಿನ ತನೋಟ್ ಮಾತಾ ಗುಡಿಗೆ ಹೋಗುವುದಾದರೆ ಗುರುತಿನ ಚೀಟಿ ಕೈಯಲ್ಲಿರಲಿ. ಅಲ್ಲಿಂದಾಚೆ ಗಡಿಯವರೆಗೆ ಹೋಗಲು ಬಿಎಸ್‌ಎಫ್ ಅನುಮತಿ ಬೇಕು.

ಮುಂದಿನ ಜನವರಿಗೆ ಮತ್ತೆ ಹೋಗಬೇಕೆಂದು ಅಪ್ಪನ ಹಟ. ಆ ಒಂಟೆಯವನಿಗೆ ಗದಗಿನಿಂದ ಒಂದು ಪೆಂಟೆ ಬೆಲ್ಲ ಒಯ್ಯಬೇಕಂತೆ. ಈ ಸಲ ಅಕ್ಕನೂ ಬರುತ್ತಾಳೆ. ಆದರೆ ಆ ರಾತ್ರಿ ನಡೆದದ್ದು ಅವಳಿಗೆ ಇನ್ನೂ ಗೊತ್ತಿಲ್ಲ. ‘ಅಕ್ಕಗ ಹೇಳಬ್ಯಾಡ’ ಎಂದು ಅಪ್ಪ ಅಂದೇ ಮಾತು ತೆಗೆದುಕೊಂಡಿದ್ದರು. ಈ ಅಂಕಣವನ್ನು ಅವಳು ತಪ್ಪದೆ ಓದುತ್ತಾಳೆ. ಬರೆಯುವ ಮೊದಲು ಅಪ್ಪನನ್ನು ಕೇಳಿದೆ. ‘ಬರಿ. ಅಚ್ಚಾಗೋದ್ರಾಗ ನಾನಾ ಫೋನ್ ಮಾಡಿ ಹೇಳ್ತೀನಿ’ ಎಂದರು. ಇವತ್ತು ಬೆಳಿಗ್ಗೆ ವಿಚಾರಿಸಿದೆ, ಇನ್ನೂ ಹೇಳಿಲ್ಲವಂತೆ.